ಬಾಲಸುಬ್ರಹ್ಮಣ್ಯಂ, ಎಸ್. ಪಿ.

ಬಾಲಸುಬ್ರಹ್ಮಣ್ಯಂ, ಶ್ರೀಪತಿ ಪಂಡಿತಾರಾಧ್ಯುಲ (4 ಜೂನ್ 1946 – 25 ಸೆಪ್ಟೆಂಬರ್ 2020): ಚಲನಚಿತ್ರ ಹಿನ್ನೆಲೆ ಗಾಯಕ, ಸಂಗೀತ ನಿರ್ದೇಶಕ, ನಟ, ಕಂಠದಾನ ಕಲಾವಿದ, ಕಿರುತೆರೆ ನಿರೂಪಕ. ಮನೆಮಾತು ತೆಲುಗಾದರೂ ಕನ್ನಡ, ತಮಿಳು, ಹಿಂದಿ, ಮಲಯಾಳಂ ಸೇರಿ ಹದಿನಾರು ಭಾಷೆಗಳಲ್ಲಿ ಹಾಡಿದರು. ಹಾಡುಗಳ ಒಟ್ಟು ಸಂಖ್ಯೆ 40,000 ದಾಟುತ್ತದೆಂಬ ಲೆಕ್ಕ ರೂಢಿಯಲ್ಲಿದೆ. ಕನ್ನಡಿಗರು ಎಸ್‌ಪಿಬಿ ಎಂದೂ ಬಾಲು ಎಂದೂ ಕರೆದ ಇವರದು ಕನ್ನಡದ ಮಟ್ಟಿಗೆ ಎರಡು ಹಂತಗಳ ವೃತ್ತಿಜೀವನ. 1967ರಿಂದ ಮೂರೂವರೆ ದಶಕ ಅವರು ಪರದೆಯ ಹಿಂದೆ ನಿಂತು ನಾಯಕನಟರಿಗೆ ದನಿಯಾದರು. ಹೊಸ ಶತಮಾನದಲ್ಲಿ ಈಟಿವಿ ಕನ್ನಡ ವಾಹಿನಿಯ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದ ಮೂಲಕ ಆ ದನಿಗೆ ಮುಖವೂ ಬಂತು. ಆ ಹೊತ್ತಿಗೆ ಸಂಪಾದಿಸಿದ್ದ ಜನಪ್ರಿಯತೆಯನ್ನು ಅವರು ಹಾಡಿನ ಹಿಂದೆ ಉಳಿದುಹೋಗುವ ಕವಿ, ಸಂಯೋಜಕ ಮತ್ತು ವಾದ್ಯಗಾರರನ್ನು ಮುಂದೆ ತರಲು ಬಳಸಿದರು. ಕನ್ನಡದ ಕಿರುತೆರೆಯಲ್ಲಿ ಅವರ ಸ್ಥಾನ ನಿಂತಿರುವುದು ಇದರ ಮೇಲೆ.

ಹಿನ್ನೆಲೆ

ಮೈಕಿನ ಸಮೀಪ ನಿಂತು ಮೆಲುದನಿಯಲ್ಲಿ ಹಾಡುವ ಜನಪ್ರಿಯ ಗಾಯನ ಇಪ್ಪತ್ತನೆಯ ಶತಮಾನದ ಕೂಸು. ಮೈಕು ಬರುವ ಮೊದಲು ನಾಟಕದ ಗಾಯಕ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಏರುದನಿಯಲ್ಲಿ ಹಾಡಬೇಕಿತ್ತು. ಮೈಕು ಬಂದ ಮೇಲೆ ಪಿಸುಮಾತು, ಉಸಿರು, ನಗು ಎಲ್ಲವೂ ಹಾಡಿನ ಸಾಮಗ್ರಿಯಾದವು. ಅಮೆರಿಕದಲ್ಲಿ ಬಿಂಗ್ ಕ್ರಾಸ್ಬಿ ಈ ಬಗೆಯನ್ನು ರೇಡಿಯೊದಲ್ಲಿ ಬೆಳೆಸಿದರು. ಪೆರಿ ಕೊಮೊ ಅದನ್ನು ದೂರದರ್ಶನಕ್ಕೆ ಒಯ್ದು ವರ್ಷಗಟ್ಟಲೆ ಮನೆಮನೆಯ ಅತಿಥಿಯಾದರು. ಭಾರತದಲ್ಲಿ ಇದೇ ಕಲೆ ಸಿನಿಮಾದ ಹಿನ್ನೆಲೆ ಗಾಯನವಾಗಿ ಬೆಳೆಯಿತು. ವ್ಯತ್ಯಾಸವೆಂದರೆ, ಇಲ್ಲಿ ದನಿ ಒಬ್ಬರದು, ತುಟಿ ಇನ್ನೊಬ್ಬರದು. ಹಾಡು ಊರೆಲ್ಲ ಹರಡಿದರೂ ಹಾಡಿದವರ ಮುಖ ಬಹುಪಾಲು ಕೇಳುಗರಿಗೆ ಅಪರಿಚಿತವಾಗಿಯೇ ಉಳಿಯುತ್ತಿತ್ತು.

ಕನ್ನಡ ಚಿತ್ರಗೀತೆಗೆ ಇನ್ನೊಂದು ವಿಶೇಷವೂ ಇತ್ತು. 1950–60ರ ದಶಕಗಳಲ್ಲಿ ಹೆಚ್ಚಿನ ಕನ್ನಡ ಚಿತ್ರಗಳ ಧ್ವನಿಮುದ್ರಣ ನಡೆಯುತ್ತಿದ್ದುದು ಮದರಾಸಿನಲ್ಲಿ. ಪಿ. ಬಿ. ಶ್ರೀನಿವಾಸ್, ಪಿ. ಸುಶೀಲಾ, ಎಸ್. ಜಾನಕಿ ಮೂವರೂ ತೆಲುಗು ನಾಡಿನಿಂದ ಬಂದವರು. ಕನ್ನಡದ ಅತ್ಯಂತ ಆಪ್ತವಾದ ಹಾಡುಗಳು ಅನ್ಯ ಮಾತೃಭಾಷೆಯವರ ಕೊರಳಿನಿಂದ ಹೊಮ್ಮಿದ ಆ ಪರಂಪರೆಗೆ ಬಾಲಸುಬ್ರಹ್ಮಣ್ಯಂ ಸೇರಿಕೊಂಡರು.

ಬಾಲ್ಯ ಮತ್ತು ಶಿಕ್ಷಣ

ಇಂದಿನ ತಮಿಳುನಾಡಿನ ತಿರುವಳ್ಳೂರು ಜಿಲ್ಲೆಗೆ ಸೇರಿದ ಕೋನೇಟಮ್ಮಪೇಟೆಯಲ್ಲಿ ತೆಲುಗು ಕುಟುಂಬವೊಂದರಲ್ಲಿ ಜನನ. ತಂದೆ ಎಸ್. ಪಿ. ಸಾಂಬಮೂರ್ತಿ ಹರಿಕಥಾ ವಿದ್ವಾಂಸರು, ತಾಯಿ ಶಕುಂತಲಮ್ಮ. ತಂಗಿ ಎಸ್. ಪಿ. ಶೈಲಜಾ ಕೂಡ ಮುಂದೆ ಹಿನ್ನೆಲೆ ಗಾಯಕಿಯಾದರು. ಹರಿಕಥೆಯೆಂದರೆ ಕಥೆ, ಹಾಡು, ಹಾಸ್ಯ, ಅಭಿನಯ ಎಲ್ಲವನ್ನೂ ಒಬ್ಬರೇ ನಿಭಾಯಿಸುವ ಕಲೆ. ತಂದೆಯ ಆ ಕಸುಬಿನ ನೆರಳು ಮಗ ಕಿರುತೆರೆಯ ವೇದಿಕೆಯಲ್ಲಿ ಮಾತನಾಡಿದ ಬಗೆಯಲ್ಲಿ ಕಾಣಸಿಗುತ್ತದೆ.

ಬಾಲಸುಬ್ರಹ್ಮಣ್ಯಂ ಶಾಸ್ತ್ರೀಯ ಸಂಗೀತವನ್ನು ಗುರುಮುಖೇನ ಕ್ರಮವಾಗಿ ಕಲಿತವರಲ್ಲ. ಎಂಜಿನಿಯರ್ ಆಗಬೇಕೆಂದು ಅನಂತಪುರದ ಕಾಲೇಜಿಗೆ ಸೇರಿದರು. ಟೈಫಾಯ್ಡ್ ಬಂದು ಅಲ್ಲಿನ ಓದು ನಿಂತಿತು. ಅನಂತರ ಮದರಾಸಿನಲ್ಲಿ ಎಎಂಐಇ ವ್ಯಾಸಂಗಕ್ಕೆ ತೊಡಗಿದರು. 1964ರಲ್ಲಿ ಮದರಾಸಿನ ತೆಲುಗು ಸಾಂಸ್ಕೃತಿಕ ಸಂಸ್ಥೆಯೊಂದು ಹವ್ಯಾಸಿ ಗಾಯಕರಿಗೆ ನಡೆಸಿದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಸಂಗೀತ ನಿರ್ದೇಶಕ ಎಸ್. ಪಿ. ಕೋದಂಡಪಾಣಿ ಇವರ ದನಿಯನ್ನು ಗುರುತಿಸಿ ಕೈಹಿಡಿದರು. ಇದೇ ವರ್ಷಗಳಲ್ಲಿ ಬಾಲು ಕಟ್ಟಿಕೊಂಡ ಲಘುಸಂಗೀತ ತಂಡದಲ್ಲಿ ಇಳಯರಾಜ, ಅವರ ಸೋದರರಾದ ಭಾಸ್ಕರ್ ಮತ್ತು ಗಂಗೈ ಅಮರನ್ ವಾದ್ಯ ನುಡಿಸುತ್ತಿದ್ದರು.

ಮೊದಲ ಧ್ವನಿಮುದ್ರಣಗಳು

1966ರ ಡಿಸೆಂಬರ್ 15ರಂದು ಕೋದಂಡಪಾಣಿಯವರ ಸಂಗೀತದಲ್ಲಿ 'ಶ್ರೀ ಶ್ರೀ ಶ್ರೀ ಮರ್ಯಾದ ರಾಮನ್ನ' ಎಂಬ ತೆಲುಗು ಚಿತ್ರಕ್ಕೆ ಮೊದಲ ಹಾಡು ಧ್ವನಿಮುದ್ರಣವಾಯಿತು. ಅದಾದ ಎಂಟೇ ದಿನಕ್ಕೆ ಎರಡನೆಯ ಅವಕಾಶ ಬಂದದ್ದು ಕನ್ನಡದಿಂದ. ನರಸಿಂಹರಾಜು ನಟಿಸಿದ 'ನಕ್ಕರೆ ಅದೇ ಸ್ವರ್ಗ' (1967) ಚಿತ್ರಕ್ಕೆ ಎಂ. ರಂಗರಾವ್ ಸಂಗೀತ ನೀಡಿದ್ದರು. ಪಿ. ಸುಶೀಲಾ ಜತೆಗಿನ 'ಕನಸಿದೋ ನನಸಿದೋ' ಬಾಲು ಅವರ ಮೊದಲ ಕನ್ನಡ ಹಾಡು. ತಮಿಳು ಅವರನ್ನು ಗುರುತಿಸಿದ್ದು 1969ರಲ್ಲಿ, ಎಂಜಿಆರ್ ನಾಯಕರಾಗಿದ್ದ 'ಅಡಿಮೈ ಪೆಣ್' ಚಿತ್ರದಿಂದ. ಹಾಗಾಗಿ ಮಾತೃಭಾಷೆಯ ಬೆನ್ನಿಗೇ ಅವರಿಗೆ ಮೈಕು ಕೊಟ್ಟ ಭಾಷೆ ಕನ್ನಡ. ಕೋದಂಡಪಾಣಿಯವರ ಋಣವನ್ನು ಅವರು ಮರೆಯಲಿಲ್ಲ. ಮುಂದೆ ಮದರಾಸಿನಲ್ಲಿ ತಾವು ಕಟ್ಟಿಸಿದ ಧ್ವನಿಮುದ್ರಣ ಮಂದಿರಕ್ಕೆ ಗುರುವಿನ ಹೆಸರನ್ನೇ ಇಟ್ಟರು.

ಕನ್ನಡ ಚಿತ್ರರಂಗದಲ್ಲಿ ನೆಲೆ

1960ರ ದಶಕದ ಕೊನೆಯಲ್ಲಿ ಕನ್ನಡದ ಗಂಡುದನಿ ಎಂದರೆ ಪಿ. ಬಿ. ಶ್ರೀನಿವಾಸ್. ರಾಜಕುಮಾರ್ ಅವರ ಹಾಡುಗಳೆಲ್ಲ ಬಹುತೇಕ ಅವರ ಪಾಲಿಗಿದ್ದವು. ಹೊಸಬರಿಗೆ ಜಾಗ ತೆರೆದದ್ದು 1970ರ ದಶಕದ ಎರಡು ಬೆಳವಣಿಗೆಗಳಿಂದ. 1972ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶನದ 'ನಾಗರಹಾವು' ವಿಷ್ಣುವರ್ಧನ್ ಅವರನ್ನು ನಾಯಕನನ್ನಾಗಿಸಿತು. ವಿಜಯಭಾಸ್ಕರ್ ಸಂಗೀತದ ಆ ಚಿತ್ರದಲ್ಲಿ ನಾಯಕಪಾತ್ರವಾದ ರಾಮಾಚಾರಿಯ ಕ್ರೋಧದ ಹಾಡಿಗೆ ದನಿಯಾದವರು ಬಾಲು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಜಿ. ಕೆ. ವೆಂಕಟೇಶ್ ಸಂಗೀತಕ್ಕೆ ರಾಜಕುಮಾರ್ ತಾವೇ ಹಾಡಿದರು; ಅಲ್ಲಿಂದಾಚೆಗೆ ಅವರ ಹಾಡುಗಳಿಗೆ ಅವರದೇ ಕಂಠ ಎಂಬುದು ನಿಶ್ಚಯವಾಯಿತು. ಇತ್ತ ವಿಷ್ಣುವರ್ಧನ್, ಅಂಬರೀಷ್, ಶ್ರೀನಾಥ್, ಅನಂತನಾಗ್, ಶಂಕರನಾಗ್ ಎಂಬ ಹೊಸ ತಲೆಮಾರಿನ ನಟರಿಗೆ ಹೊಸ ದನಿ ಬೇಕಿತ್ತು. ಆ ಜಾಗವನ್ನು ತುಂಬಿದವರು ಬಾಲಸುಬ್ರಹ್ಮಣ್ಯಂ.

ಈ ಅವಧಿಯ ಅವರ ಕೆಲಸವನ್ನು ಸಂಯೋಜಕರ ಮೂಲಕ ನೋಡುವುದು ಸೂಕ್ತ. ವಿಜಯಭಾಸ್ಕರ್ ಜತೆ 'ಶುಭಮಂಗಳ' (1975) ಮತ್ತು 'ಮಾನಸ ಸರೋವರ' (1982) ಚಿತ್ರಗಳಲ್ಲಿ ಶ್ರೀನಾಥ್ ಪಾತ್ರಗಳಿಗೆ ಹಾಡಿದರು. ಎರಡೂ ಪುಟ್ಟಣ್ಣನವರವು. ಮೊದಲನೆಯದರಲ್ಲಿ ಸ್ನೇಹದ ಹಿಗ್ಗು, ಎರಡನೆಯದರಲ್ಲಿ ಬುದ್ಧಿ ಕದಡಿದ ಮನೋವೈದ್ಯನ ನೋವು. ಒಂದೇ ನಟನಿಗೆ ಒಂದೇ ಗಾಯಕ ಎಷ್ಟು ಬೇರೆಯಾಗಿ ಒದಗಬಹುದು ಎಂಬುದಕ್ಕೆ ಇವು ನಿದರ್ಶನ. ರಾಜನ್–ನಾಗೇಂದ್ರ ಸೋದರರ 'ಬಯಲುದಾರಿ' (1976), 'ಹೊಂಬಿಸಿಲು' (1978), 'ನಾ ನಿನ್ನ ಬಿಡಲಾರೆ' (1979) ಚಿತ್ರಗಳಲ್ಲಿ ಅವರ ಮಾಧುರ್ಯದ ಮುಖ ಕಾಣುತ್ತದೆ. ಎಸ್. ಜಾನಕಿಯವರ ಜತೆಗಿನ ಯುಗಳಗೀತೆಗಳ ಪರಂಪರೆ ಗಟ್ಟಿಯಾದದ್ದು ಇಲ್ಲಿಯೇ. ಶಂಕರನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' (1981) ಚಿತ್ರಕ್ಕೆ ಸಂಗೀತ ಕೊಟ್ಟವರು ಹಳೆಯ ತಂಡದ ಗೆಳೆಯ ಇಳಯರಾಜ. ಅದರ ಕುಣಿಸುವ ಹಾಡು ಇಂದಿಗೂ ಕಾಲೇಜು ವಾರ್ಷಿಕೋತ್ಸವಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ತಪ್ಪದೆ ಬರುತ್ತದೆ. ಮೊದಲ ಅವಕಾಶ ಕೊಟ್ಟ ಎಂ. ರಂಗರಾವ್ 1984ರ 'ಬಂಧನ'ದಲ್ಲಿ ಅವರಿಂದ ವಿರಹದ ಹಾಡುಗಳನ್ನು ಹಾಡಿಸಿದರು. ರಾಜೇಂದ್ರಸಿಂಗ್ ಬಾಬು ನಿರ್ದೇಶನದ ಆ ಚಿತ್ರದಿಂದ ವಿಷ್ಣುವರ್ಧನ್ ಮತ್ತು ಬಾಲು ಎಂಬ ಜೋಡಿ ಪ್ರೇಕ್ಷಕರ ಮನಸ್ಸಿನಲ್ಲಿ ಬೇರೆಮಾಡಲಾಗದಂತೆ ಬೆಸೆದುಕೊಂಡಿತು. ವಿಷ್ಣುವರ್ಧನ್ ತೀರಿಕೊಂಡ ಮೇಲೆ ತೆರೆಕಂಡ 'ಆಪ್ತರಕ್ಷಕ' (2010) ಚಿತ್ರದವರೆಗೂ ಆ ನಂಟು ಮುಂದುವರಿಯಿತು.

1981ರ ಫೆಬ್ರುವರಿ 8ರಂದು ಸಂಗೀತ ನಿರ್ದೇಶಕ ಉಪೇಂದ್ರಕುಮಾರ್ ಅವರಿಗಾಗಿ ಬೆಂಗಳೂರಿನಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ 21 ಕನ್ನಡ ಹಾಡುಗಳನ್ನು ಬಾಲು ಹಾಡಿದರು. ಹಾಡೊಂದಕ್ಕೆ ಸರಾಸರಿ ಮೂವತ್ತನಾಲ್ಕು ನಿಮಿಷ. ಊಟ, ವಿರಾಮ ಕಳೆದರೆ ಇನ್ನೂ ಕಡಿಮೆ. ಸಾಹಿತ್ಯ ಬರೆದುಕೊಳ್ಳುವುದು, ಧಾಟಿ ಕಲಿಯುವುದು, ಒಂದೆರಡು ಬಾರಿ ಹಾಡಿನೋಡಿ ಅಂತಿಮಗೊಳಿಸುವುದು ಎಲ್ಲವೂ ಆ ಅರ್ಧ ಗಂಟೆಯೊಳಗೆ ಮುಗಿಯಬೇಕು. ಈ ದಾಖಲೆಯನ್ನು ಸಾಮಾನ್ಯವಾಗಿ ದುಡಿಮೆಯ ಅಳತೆಯಾಗಿ ಹೇಳುತ್ತಾರೆ. ಕೇಳಿದ ಧಾಟಿಯನ್ನು ಒಡನೆಯೇ ಹಿಡಿಯುವ ನೆನಪು ಮತ್ತು ಮೊದಲ ಯತ್ನದಲ್ಲಿಯೇ ಭಾವವನ್ನು ತರುವ ಸಿದ್ಧತೆ ಇಲ್ಲದೆ ಅದು ಆಗುವ ಮಾತಲ್ಲ.

ಹಾಡುವ ರೀತಿ

ಬಾಲು ಅವರ ಗಾಯನದ ಮೊದಲ ಲಕ್ಷಣ ಉಚ್ಚಾರದ ಎಚ್ಚರ. ಯಾವ ಭಾಷೆಯ ಹಾಡೇ ಇರಲಿ, ಸಾಹಿತ್ಯವನ್ನು ತೆಲುಗು ಲಿಪಿಯಲ್ಲಿ ಸ್ವಂತ ಕೈಯಿಂದ ಬರೆದುಕೊಂಡೇ ಹಾಡುವುದು ಅವರ ರೂಢಿ. ಕನ್ನಡದ ಮಟ್ಟಿಗೆ ಇದರಿಂದ ಹೆಚ್ಚಿನ ಅನುಕೂಲವಿತ್ತು. ಎರಡೂ ಲಿಪಿಗಳ ವರ್ಣಮಾಲೆ ಒಂದೇ ಬಗೆಯದು. ಅಲ್ಪಪ್ರಾಣ–ಮಹಾಪ್ರಾಣ, ಲಕಾರ–ಳಕಾರಗಳ ಭೇದ ಬರಹದಲ್ಲಿ ಕಳೆದುಹೋಗುವುದಿಲ್ಲ. ಸಾಲನ್ನು ಕೈಯಾರೆ ಬರೆಯುವಾಗ ಅದರ ಅರ್ಥವನ್ನು ಕವಿಯಿಂದ ಕೇಳಿ ತಿಳಿದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಸಾಧ್ಯವಾಗುತ್ತಿತ್ತು. ಚಿ. ಉದಯಶಂಕರ್, ಆರ್. ಎನ್. ಜಯಗೋಪಾಲ್, ವಿಜಯನಾರಸಿಂಹ ಅವರಂಥ ಗೀತರಚನಕಾರರ ಸಾಲುಗಳು ಅವರ ಬಾಯಲ್ಲಿ ಪದ ಒಡೆಯದೆ, ಅರ್ಥ ಕೆಡದೆ ಬಂದುದಕ್ಕೆ ಈ ಅಭ್ಯಾಸ ಕಾರಣ.

ಎರಡನೆಯ ಲಕ್ಷಣ ನಟನಿಗೆ ತಕ್ಕಂತೆ ದನಿ ಬದಲಿಸುವ ಜಾಣ್ಮೆ. ವಿಷ್ಣುವರ್ಧನ್‌ಗೆ ಎದೆಯಿಂದ ಏಳುವ ಭಾರವಾದ ದನಿ, ಶಂಕರನಾಗ್‌ಗೆ ಹುಡುಗಾಟಿಕೆಯ ಚುರುಕು, ಅನಂತನಾಗ್‌ಗೆ ಸುಸಂಸ್ಕೃತ ಪ್ರೇಮಿಯ ನಯ, ಹಾಸ್ಯನಟರಿಗೆ ಮೂಗಿನ ದನಿ. ಪಾತ್ರ ಕುಡಿದಿದ್ದರೆ ತೊದಲು, ಅಳುತ್ತಿದ್ದರೆ ಬಿಕ್ಕು, ಪ್ರೇಮದಲ್ಲಿದ್ದರೆ ಸಾಲಿನ ಕೊನೆಗೊಂದು ನಗು. ಇವೆಲ್ಲ ಸ್ವರಲಿಪಿಯಲ್ಲಿ ಇಲ್ಲದವು, ಗಾಯಕ ಸೇರಿಸಿದವು. ಇಂಥ ಅಲಂಕಾರ ಕೆಲವೊಮ್ಮೆ ಅತಿಯಾಯಿತೆಂಬ ಟೀಕೆಯೂ ಇದೆ. ಪಿ. ಬಿ. ಶ್ರೀನಿವಾಸ್ ಅವರ ಸಂಯಮವನ್ನು ಮೆಚ್ಚುವ ಹಳೆಯ ಕೇಳುಗರು ಬಾಲು ಅವರ ಹಾಡಿನಲ್ಲಿ ಅಭಿನಯದ ಪಾಲು ಹೆಚ್ಚು ಎನ್ನುತ್ತಾರೆ. ತೆರೆಯ ಮೇಲಿನ ನಟನ ಅರ್ಧ ಕೆಲಸವನ್ನು ಹಾಡೇ ಮಾಡಿ ಮುಗಿಸುತ್ತಿದ್ದುದರಿಂದ ಸಂಯೋಜಕರಿಗೂ ನಿರ್ದೇಶಕರಿಗೂ ಅದು ಬೇಕಾಗಿಯೇ ಇತ್ತು.

ಹಂಸಲೇಖ ಮತ್ತು 'ಗಾನಯೋಗಿ'

1987ರ 'ಪ್ರೇಮಲೋಕ'ದೊಂದಿಗೆ ಕನ್ನಡ ಚಿತ್ರಗೀತೆಯ ಧಾಟಿ ಬದಲಾಯಿತು. ಸಾಹಿತ್ಯ ಮತ್ತು ಸಂಗೀತ ಎರಡನ್ನೂ ತಾವೇ ಮಾಡುತ್ತಿದ್ದ ಹಂಸಲೇಖ ಆಡುಮಾತಿನ ಚುಟುಕು ಸಾಲುಗಳನ್ನೂ ವೇಗದ ತಾಳವನ್ನೂ ತಂದರು. ನಲವತ್ತು ದಾಟಿದ ಬಾಲು ರವಿಚಂದ್ರನ್ ಅವರ 'ರಣಧೀರ', 'ಅಂಜದ ಗಂಡು' (ಎರಡೂ 1988) ಚಿತ್ರಗಳಿಗೆ ಇಪ್ಪತ್ತರ ಹುಡುಗನ ಹುರುಪಿನಲ್ಲಿ ಹಾಡಿದರು. ಹಂಸಲೇಖ–ಬಾಲು ಜೋಡಿ 'ಮಹಾಕ್ಷತ್ರಿಯ' (1994) ಚಿತ್ರದಲ್ಲಿ ಬದುಕಿನ ಬಗೆಗಿನ ತಾತ್ತ್ವಿಕ ಗೀತೆಯೊಂದನ್ನು ಕೊಟ್ಟಿತು. ವಿಷ್ಣುವರ್ಧನ್ ಅವರ ನೆನಪಿನ ಸಭೆಗಳಲ್ಲೆಲ್ಲ ಆ ಹಾಡು ಕೇಳಿಬರುತ್ತದೆ.

ಈ ಸಹಯೋಗದ ಶಿಖರ 'ಸಂಗೀತಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' (1995). ವೃತ್ತಿರಂಗಭೂಮಿಯ ಹಿನ್ನೆಲೆಯ ಚಿಂದೋಡಿ ಬಂಗಾರೇಶ್ ಇದನ್ನು ನಿರ್ದೇಶಿಸಿದರು. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಂಧ, ಅನಾಥ ಮಕ್ಕಳಿಗೆ ಸಂಗೀತದ ಬದುಕು ಕಟ್ಟಿಕೊಟ್ಟವರು. ಪುಟ್ಟರಾಜ ಗವಾಯಿಗಳ ಗುರು. ಧಾರವಾಡ, ಗದಗ, ಮಿರಜಗಳ ಹಿಂದೂಸ್ತಾನಿ ವಾತಾವರಣದಲ್ಲಿ ನಡೆಯುವ ಕಥೆಗೆ ಲಘುಸಂಗೀತದಿಂದ ಬಂದ ಗಾಯಕ ದನಿಯಾಗುವುದು ಸವಾಲಿನ ಕೆಲಸವಾಗಿತ್ತು. ಇಂಥದೇ ಪರೀಕ್ಷೆಯನ್ನು ಅವರು 'ಶಂಕರಾಭರಣಂ' (1979) ಕಾಲದಲ್ಲಿ ಎದುರಿಸಿದ್ದರು. ಆಗ ಸಂಗೀತ ನಿರ್ದೇಶಕ ಕೆ. ವಿ. ಮಹದೇವನ್ ಅವರ ಸಹಾಯಕ ಪುಹಳೇಂದಿ ಕೃತಿಗಳನ್ನು ಹೇಳಿಕೊಟ್ಟು ತಯಾರು ಮಾಡಿದ್ದರು. ಗವಾಯಿಗಳ ಚಿತ್ರದ 'ಉಮಂಡ ಘುಮಂಡ' ಹಾಡಿಗೆ ಬಾಲು ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು, ಹಂಸಲೇಖ ಅವರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ. ಕನ್ನಡ ಚಿತ್ರವೊಂದಕ್ಕಾಗಿ ಬಾಲು ಪಡೆದ ರಾಷ್ಟ್ರಪ್ರಶಸ್ತಿ ಇದೊಂದೇ.

ಇತರ ಭಾಷೆಗಳು, ಕಂಠದಾನ, ಅಭಿನಯ

ಹಿಂದಿಯಲ್ಲಿ ಕೆ. ಬಾಲಚಂದರ್ ಅವರ 'ಏಕ್ ದೂಜೆ ಕೆ ಲಿಯೆ' (1981) ಮೊದಲ ದೊಡ್ಡ ಗೆಲುವು. ದಕ್ಷಿಣದ ಉಚ್ಚಾರದ ಗಾಯಕ ಹಿಂದಿಗೆ ಹೊಂದುವನೇ ಎಂಬ ಅನುಮಾನ ಸಂಯೋಜಕರಾದ ಲಕ್ಷ್ಮೀಕಾಂತ್–ಪ್ಯಾರೇಲಾಲ್‌ಗೆ ಇತ್ತು. ನಾಯಕನೇ ತಮಿಳು ಹುಡುಗನಾದ್ದರಿಂದ ಆ ಛಾಯೆ ಬಂದರೂ ಸರಿಯೇ ಎಂದು ನಿರ್ದೇಶಕರು ಪಟ್ಟುಹಿಡಿದರು. ಹಾಡಿಗೆ ರಾಷ್ಟ್ರಪ್ರಶಸ್ತಿಯೇ ಬಂತು. 'ಮೈನೆ ಪ್ಯಾರ್ ಕಿಯಾ' (1989), 'ಹಮ್ ಆಪ್ಕೆ ಹೈ ಕೌನ್' (1994) ಚಿತ್ರಗಳಿಂದ ಸಲ್ಮಾನ್ ಖಾನ್ ದನಿ ಎಂದೇ ಉತ್ತರದವರು ಅವರನ್ನು ಗುರುತಿಸಿದರು.

ತೆಲುಗಿಗೆ ಡಬ್ ಆದ ಕಮಲಹಾಸನ್ ಚಿತ್ರಗಳಲ್ಲಿ ಮಾತಿಗೂ ಬಾಲು ಅವರದೇ ದನಿ. ರಿಚರ್ಡ್ ಅಟೆನ್‌ಬರೊ ಅವರ 'ಗಾಂಧಿ' ತೆಲುಗಿಗೆ ಬಂದಾಗ ಬೆನ್ ಕಿಂಗ್ಸ್‌ಲಿಗೆ ಕಂಠದಾನ ಮಾಡಿದವರೂ ಇವರೇ. ನಟರಾಗಿ ತಮಿಳಿನ 'ಕೇಳಡಿ ಕಣ್ಮಣಿ' (1990), ತೆಲುಗಿನ 'ಮಿಥುನಂ' (2012) ಹೆಸರು ತಂದವು. ಕನ್ನಡದಲ್ಲಿ 'ಮುದ್ದಿನ ಮಾವ' (1993) ಉಲ್ಲೇಖನೀಯ. ಓಂ ಸಾಯಿಪ್ರಕಾಶ್ ನಿರ್ದೇಶನದ, ಶಶಿಕುಮಾರ್ ನಾಯಕರಾಗಿದ್ದ ಈ ಚಿತ್ರಕ್ಕೆ ಸಂಗೀತವೂ ಬಾಲು ಅವರದೇ. ಅದರಲ್ಲಿ ಮಾವನ ಪಾತ್ರ ಮಾಡಿದ ಅವರಿಗೆ ರಾಜಕುಮಾರ್ ಹಿನ್ನೆಲೆ ಗಾಯಕರಾದರು. ನೂರಾರು ನಟರಿಗೆ ದನಿ ಕೊಟ್ಟವರ ತುಟಿಗೆ ಇನ್ನೊಬ್ಬರ ಹಾಡು, ಅದೂ ನಾಡಿನ ಮೇರುನಟನ ಹಾಡು ಬಂದ ಅಪರೂಪದ ಪ್ರಸಂಗವಿದು.

'ಎದೆ ತುಂಬಿ ಹಾಡುವೆನು'

1996ರಲ್ಲಿ ತೆಲುಗಿನ ಈಟಿವಿಯಲ್ಲಿ 'ಪಾಡುತಾ ತೀಯಗಾ' ಆರಂಭವಾಯಿತು. ಎಳೆಯ ಗಾಯಕರ ಈ ಸ್ಪರ್ಧೆಯ ನಿರೂಪಕರೂ ತೀರ್ಪುಗಾರರೂ ಬಾಲು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ವಾಹಿನಿ ಶುರುವಾದ ಬಳಿಕ ಅದೇ ಮಾದರಿ 'ಎದೆ ತುಂಬಿ ಹಾಡುವೆನು' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂತು. ಶೀರ್ಷಿಕೆ ಕೇಳಿದೊಡನೆ ಕನ್ನಡಿಗರಿಗೆ ಜಿ. ಎಸ್. ಶಿವರುದ್ರಪ್ಪನವರ ಪ್ರಸಿದ್ಧ ಭಾವಗೀತೆ ನೆನಪಾಗುತ್ತದೆ.

ಕಾರ್ಯಕ್ರಮದ ಚೌಕಟ್ಟು ಸರಳ. ಎಳೆಯ ಗಾಯಕರು ವೇದಿಕೆಗೆ ಬಂದು ವಾದ್ಯವೃಂದದೊಂದಿಗೆ ಒಂದು ಚಿತ್ರಗೀತೆ ಹಾಡುವರು. ಬಾಲು ಮತ್ತು ಅತಿಥಿ ತೀರ್ಪುಗಾರರು ಅಭಿಪ್ರಾಯ ಹೇಳಿ ಅಂಕ ಕೊಡುವರು. ಅದರ ಜೀವಾಳವಿದ್ದದ್ದು ಹಾಡಿಗೂ ಅಂಕಕ್ಕೂ ನಡುವಿನ ಮಾತಿನಲ್ಲಿ. ಹಾಡು ಯಾವ ಚಿತ್ರದ್ದು, ಬರೆದವರು ಯಾರು, ಸ್ವರ ಕೂಡಿಸಿದವರು ಯಾರು ಎಂಬುದನ್ನು ಬಾಲು ಹೇಳದೆ ಬಿಡುತ್ತಿರಲಿಲ್ಲ. ಧ್ವನಿಮುದ್ರಣದ ದಿನ ಏನಾಯಿತು, ಆ ಕೊಳಲಿನ ತುಣುಕು ಹೇಗೆ ಹುಟ್ಟಿತು ಎಂಬಂಥ ಸಂಗತಿಗಳು ಬರುತ್ತಿದ್ದವು. ಬಳಿಕ ತಿದ್ದುವ ಸರದಿ. ಮಹಾಪ್ರಾಣ ಜಾರಿದ್ದರೆ, ಷಕಾರ ಸಕಾರವಾಗಿದ್ದರೆ, ಚರಣದ ನಡುವೆ ತಪ್ಪು ಜಾಗದಲ್ಲಿ ಉಸಿರೆಳೆದು ಪದ ಎರಡು ತುಂಡಾಗಿದ್ದರೆ, ಆ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ಮಗು ಅದನ್ನು ಮತ್ತೆ ಹಾಡಬೇಕು. ಸರಿಯಾದರೆ ಬೆನ್ನು ತಟ್ಟುತ್ತಿದ್ದರು. ಸಭೆಯಲ್ಲಿ ಯಾರನ್ನೂ ಹೀಯಾಳಿಸದೆ ತಪ್ಪನ್ನು ತಪ್ಪೆಂದೇ ಹೇಳುವ ಈ ಕ್ರಮದಿಂದ ಸ್ಪರ್ಧೆಗೆ ಪಾಠಶಾಲೆಯ ಕಳೆ ಬಂತು. ನೋಡುತ್ತ ಕುಳಿತ ಮನೆಮಂದಿಗೂ ಹಾಡನ್ನು ಕೇಳುವುದು ಹೇಗೆಂಬ ತರಬೇತಿ ಸಿಕ್ಕಿತು.

ತಾವು ಹಾಡದ ಹಾಡುಗಳ ಬಗ್ಗೆ ಅವರು ತೋರುತ್ತಿದ್ದ ಗೌರವ ಕಾರ್ಯಕ್ರಮದ ಇನ್ನೊಂದು ಗುಣ. ಪಿ. ಬಿ. ಶ್ರೀನಿವಾಸ್, ರಾಜಕುಮಾರ್, ಘಂಟಸಾಲ, ಯೇಸುದಾಸ್ ಅವರ ಹಾಡು ಬಂದಾಗ ಬಾಲು ಅಭಿಮಾನಿಯಂತೆ ಮಾತನಾಡುತ್ತಿದ್ದರು. ಪ್ರತಿಸ್ಪರ್ಧಿಗಳೆಂದು ಜನ ಎಣಿಸಿದವರನ್ನು ಅವರು ಹಿರಿಯರ ಸಾಲಿನಲ್ಲಿ ಕೂರಿಸಿದರು. ಮುಂದಿನ ಜನ್ಮವೆಂಬುದಿದ್ದರೆ ಕರ್ನಾಟಕದಲ್ಲಿ ಹುಟ್ಟುವ ಆಸೆಯನ್ನು ಅವರು ಹಲವು ಬಾರಿ ಹೇಳಿಕೊಂಡಿದ್ದಾರೆ. ಕನ್ನಡಿಗರು ತಮಗೆ ತೋರಿದ ಪ್ರೀತಿ ತಮ್ಮ ಯೋಗ್ಯತೆಗೆ ಮೀರಿದ್ದು ಎಂಬುದು ಅವರ ಮಾತಿನ ತಿರುಳಾಗಿರುತ್ತಿತ್ತು.

ಗಡಿ ತಾಲ್ಲೂಕುಗಳಲ್ಲಿ

ಮಹಾರಾಷ್ಟ್ರದ ಗಡಿ ಭಾಗದ, ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ತಾಲ್ಲೂಕುಗಳ ಕೇಳುಗರು ಕನ್ನಡ, ಮರಾಠಿ, ಹಿಂದಿ ಮೂರರ ನಡುವೆ ಬೆಳೆದವರು. ಒಂದು ಕಡೆ ಧಾರವಾಡ ಆಕಾಶವಾಣಿ, ಇನ್ನೊಂದು ಕಡೆ ಸಾಂಗಲಿ ಆಕಾಶವಾಣಿ; ತಂಬೂರಿ, ಸಿತಾರ್ ತಯಾರಿಕೆಗೆ ಹೆಸರಾದ ಮಿರಜ ಕಾಗವಾಡಕ್ಕೆ ಮಗ್ಗುಲಲ್ಲೇ ಇದೆ. ನಾಟ್ಯಸಂಗೀತ, ಅಭಂಗ, ವಚನಗಾಯನ, ಸಣ್ಣಾಟ, ಭಜನಾಪದ ಇಲ್ಲಿಯ ಕಿವಿಗೆ ಹಳೆಯ ಪರಿಚಯ. ಅಥಣಿ ತಾಲ್ಲೂಕಿನ ಸತ್ತಿಯಂಥ ಊರಿಗೆ ಬೆಂಗಳೂರು ಬಲು ದೂರ, ಕೊಲ್ಹಾಪುರ–ಸಾಂಗಲಿ ಹತ್ತಿರ. ಈ ಪ್ರದೇಶಕ್ಕೆ ಬಾಲು ಎರಡು ದಾರಿಯಿಂದ ಬಂದರು. ಒಂದು ವಿಷ್ಣುವರ್ಧನ್, ಅಂಬರೀಷ್ ಚಿತ್ರಗಳ ಕನ್ನಡ ದಾರಿ. ಇನ್ನೊಂದು 'ಮೈನೆ ಪ್ಯಾರ್ ಕಿಯಾ'ದ ಹಿಂದಿ ದಾರಿ. ಗವಾಯಿಗಳ ಚಿತ್ರ ಬಂದಾಗ ಆ ದನಿ ಗದುಗಿನ ಆಶ್ರಮದ ಸಂಗೀತವನ್ನೂ ಹೊತ್ತು ಬಂತು. ಉಪಗ್ರಹ ವಾಹಿನಿಗಳು ಹಬ್ಬಿದ ಮೇಲೆ ಮೈಸೂರು ಸೀಮೆಯ ಮಗುವಿನ ಹಾಡನ್ನು ಅಥಣಿಯ ಮನೆ, ಅಥಣಿ ಸೀಮೆಯ ಉಚ್ಚಾರವನ್ನು ಬೆಂಗಳೂರಿನ ಮನೆ ಒಂದೇ ಹೊತ್ತಿಗೆ ಕೇಳುವಂತಾಯಿತು.

ಉತ್ತರ ಕರ್ನಾಟಕದ ಹೊಸ ತಲೆಮಾರಿನ ಗಾಯಕರ ದಾರಿ ಬೇರೆ. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ನಿಪನಾಳ ಉತ್ತರ ಕರ್ನಾಟಕದ ಜನಪದ ಧಾಟಿಯ ಹಾಡುಗಳಿಂದ ಯೂಟ್ಯೂಬಿನಲ್ಲಿ ಹೆಸರಾಗಿ, 2025ರಲ್ಲಿ 'ಬಿಗ್ ಬಾಸ್ ಕನ್ನಡ'ದ ಹನ್ನೆರಡನೆಯ ಆವೃತ್ತಿಗೆ ಸ್ಪರ್ಧಿಯಾಗಿ ಹೋದರು. ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ಜೀ ಕನ್ನಡದ 'ಸರಿಗಮಪ'ದಲ್ಲಿ ಕುರಿಗಾಹಿ ಗಾಯಕನಾಗಿ ಮನೆಮಾತಾಗಿ, 2025ರ ಜನವರಿಯಲ್ಲಿ 'ಬಿಗ್ ಬಾಸ್'ನ ಹನ್ನೊಂದನೆಯ ಆವೃತ್ತಿ ಗೆದ್ದರು. ಬಾಲು ಸಿನಿಮಾದಿಂದ ಕಿರುತೆರೆಗೆ ಬಂದರೆ, ಇವರು ಸಿನಿಮಾದ ಹಂಗಿಲ್ಲದೆ ಊರಿನ ಹಾಡಿನಿಂದ ನೇರವಾಗಿ ಪರದೆಯ ಮುಂದೆ ಬಂದವರು.

ವೇದಿಕೆ ಮತ್ತು ಹಕ್ಕುಸ್ವಾಮ್ಯ ವಿವಾದ

ವೃತ್ತಿಯ ಐವತ್ತು ವರ್ಷಗಳ ನೆನಪಿಗೆ 'ಎಸ್‌ಪಿಬಿ 50' ಎಂಬ ವಿದೇಶ ಪ್ರವಾಸವನ್ನು ಬಾಲು ಕೈಗೊಂಡಿದ್ದರು. 2017ರ ಮಾರ್ಚ್‌ನಲ್ಲಿ, ಪ್ರವಾಸದ ನಡುವೆಯೇ, ಅನುಮತಿ ಇಲ್ಲದೆ ತಮ್ಮ ಸಂಯೋಜನೆಗಳನ್ನು ಹಾಡಕೂಡದೆಂದು ಇಳಯರಾಜ ಅವರ ಕಡೆಯಿಂದ ವಕೀಲರ ನೋಟಿಸ್ ಬಂತು. ಬಾಲು ವಿಷಯವನ್ನು ಬಹಿರಂಗವಾಗಿ ತಿಳಿಸಿ, ಬೇರೆ ಸಂಯೋಜಕರ ಹಾಡುಗಳೊಂದಿಗೆ ಪ್ರವಾಸ ಮುಂದುವರಿಸಿದರು. ವೇದಿಕೆಯಲ್ಲಿ ಹಾಡುವ ಚಿತ್ರಗೀತೆಯ ಮೇಲೆ ಗಾಯಕನ ಹಕ್ಕೆಷ್ಟು, ಸಂಯೋಜಕನದೆಷ್ಟು, ನಿರ್ಮಾಪಕನದೆಷ್ಟು ಎಂಬ ಚರ್ಚೆ ದಕ್ಷಿಣ ಭಾರತದಲ್ಲಿ ವ್ಯಾಪಕವಾದದ್ದು ಈ ಪ್ರಕರಣದಿಂದ. 2019ರಲ್ಲಿ ಇಬ್ಬರೂ ರಾಜಿಯಾಗಿ ಒಟ್ಟಿಗೆ ವೇದಿಕೆ ಹಂಚಿಕೊಂಡರು.

ಪ್ರಶಸ್ತಿ, ಗೌರವ

ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಆರು ಬಾರಿ, ನಾಲ್ಕು ಭಾಷೆಗಳಲ್ಲಿ: ತೆಲುಗಿನ 'ಶಂಕರಾಭರಣಂ' (1979), 'ಸಾಗರ ಸಂಗಮಂ' (1983), 'ರುದ್ರವೀಣಾ' (1988), ಹಿಂದಿಯ 'ಏಕ್ ದೂಜೆ ಕೆ ಲಿಯೆ' (1981), ಕನ್ನಡದ 'ಗಾನಯೋಗಿ ಪಂಚಾಕ್ಷರ ಗವಾಯಿ' (1995), ತಮಿಳಿನ 'ಮಿನ್ಸಾರ ಕನವು' (1996). ಪದ್ಮಶ್ರೀ (2001), ಪದ್ಮಭೂಷಣ (2011), ಮರಣೋತ್ತರವಾಗಿ ಪದ್ಮವಿಭೂಷಣ (2021). ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಮತ್ತು ರಾಜ್ಯ ಚಲನಚಿತ್ರ ಪ್ರಶಸ್ತಿಗಳೂ ಸಂದಿವೆ. 2016ರ ಭಾರತೀಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ವರ್ಷದ ಚಲನಚಿತ್ರ ವ್ಯಕ್ತಿ ಎಂಬ ಶತಮಾನೋತ್ಸವ ಗೌರವ ದೊರೆಯಿತು.

ಕೊನೆಯ ದಿನಗಳು

2020ರ ಆರಂಭದಲ್ಲಿ ನೆಲ್ಲೂರಿನ ಪಿತ್ರಾರ್ಜಿತ ಮನೆಯನ್ನು ವೇದಪಾಠಶಾಲೆಗೆಂದು ಕಂಚಿ ಮಠಕ್ಕೆ ಒಪ್ಪಿಸಿದರು. ಆಗಸ್ಟ್ 5ರಂದು ಕೋವಿಡ್ ಸೋಂಕಿನಿಂದ ಚೆನ್ನೈಯ ಆಸ್ಪತ್ರೆಗೆ ದಾಖಲಾದರು. ಸೌಮ್ಯ ಲಕ್ಷಣಗಳಿವೆ, ಚಿಂತೆ ಬೇಡ ಎಂದು ತಾವೇ ವಿಡಿಯೊದಲ್ಲಿ ತಿಳಿಸಿದ್ದರು. ಕೆಲವೇ ದಿನಗಳಲ್ಲಿ ಸ್ಥಿತಿ ಬಿಗಡಾಯಿಸಿ ಕೃತಕ ಉಸಿರಾಟದ ನೆರವು ಬೇಕಾಯಿತು. ಸೆಪ್ಟೆಂಬರ್ 25ರ ಮಧ್ಯಾಹ್ನ ನಿಧನರಾದರು. ಮರುದಿನ ತಾಮರೈಪಾಕ್ಕಂನ ತೋಟದ ಮನೆಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಪತ್ನಿ ಸಾವಿತ್ರಿ, ಮಗಳು ಪಲ್ಲವಿ, ಗಾಯಕ–ನಿರ್ಮಾಪಕನಾದ ಮಗ ಎಸ್. ಪಿ. ಚರಣ್ ಅವರನ್ನು ಅಗಲಿದರು.

ಮೌಲ್ಯಮಾಪನ

ಕನ್ನಡದಲ್ಲಿ ಬಾಲಸುಬ್ರಹ್ಮಣ್ಯಂ ಅವರ ಸಾಧನೆಯನ್ನು ಸಂಖ್ಯೆಯಿಂದ ಅಳೆಯುವುದು ಸುಲಭ, ಆದರೆ ಅಪೂರ್ಣ. 1970ರ ದಶಕದ ಹೊಸ ನಾಯಕರಿಗೆ ಅವರು ದನಿ ಕೊಟ್ಟಿದ್ದರಿಂದ ರಾಜಕುಮಾರ್ ಚಿತ್ರಗಳ ಆಚೆಗೂ ಕನ್ನಡ ಚಿತ್ರಗೀತೆ ಸಮೃದ್ಧವಾಗಿ ಬೆಳೆಯಿತು. ಅನ್ಯಭಾಷಿಕ ಗಾಯಕರೂ ಉಚ್ಚಾರದಲ್ಲಿ ರಾಜಿಯಾಗಬೇಕಿಲ್ಲ ಎಂಬ ಮಾನದಂಡ ನಿಂತಿತು. ಮುಂಬೈ, ಚೆನ್ನೈಗಳಿಂದ ಗಾಯಕರನ್ನು ಕರೆಸುವ ಇಂದಿನ ದಿನಗಳಲ್ಲಿ ಕನ್ನಡದ ಕೇಳುಗರು ಉಚ್ಚಾರದ ದೋಷವನ್ನು ಎತ್ತಿ ಆಡುವಾಗ ಹೋಲಿಕೆಗೆ ಹಿಡಿಯುವುದು ಈ ಮಾನದಂಡವನ್ನೇ.

ಅವರು ತೀರಿಕೊಂಡ ಮರುವರ್ಷ, ಈಟಿವಿ ಕನ್ನಡದ ಮುಂದುವರಿಕೆಯಾದ ಕಲರ್ಸ್ ಕನ್ನಡ ವಾಹಿನಿ 'ಎದೆ ತುಂಬಿ ಹಾಡುವೆನು' ಹೆಸರನ್ನು ಮತ್ತೆ ಬಳಸಿತು. ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ, ರಘು ದೀಕ್ಷಿತ್ ತೀರ್ಪುಗಾರರ ಸ್ಥಾನದಲ್ಲಿದ್ದರು. ಅಷ್ಟು ಹೊತ್ತಿಗೆ ಗಾಯನ ಸ್ಪರ್ಧೆಗಳ ಸ್ವರೂಪ ಬದಲಾಗಿತ್ತು. ಬೆಳಕಿನ ಅಬ್ಬರ, ಸ್ಪರ್ಧಿಯ ಮನೆಯ ಕಷ್ಟದ ಕಥೆ, ವೀಕ್ಷಕರ ಮತ ಹಾಡಿನಷ್ಟೇ ಜಾಗ ಪಡೆದಿದ್ದವು. ಇದರಿಂದ ಹಳ್ಳಿಗಾಡಿನ ಪ್ರತಿಭೆಗಳಿಗೆ ದೊಡ್ಡ ಅವಕಾಶ ಸಿಕ್ಕಿದ್ದು ನಿಜ. ಬಾಲು ನಡೆಸಿದ ಕಾರ್ಯಕ್ರಮದಲ್ಲಿ ಮಗುವಿನ ಕಷ್ಟಕ್ಕಿಂತ ಮೊದಲು ಹಾಡಿನ ಸಾಲು ಚರ್ಚೆಗೆ ಬರುತ್ತಿತ್ತು. ಆ ಸಾಲಿನ ಕವಿಗೆ ಕೈಮುಗಿಯದೆ ಅಂಕ ಕೊಡುತ್ತಿರಲಿಲ್ಲ. ಗೀತರಚನಕಾರನ ಹೆಸರನ್ನು ಹೇಳಿ ಹಾಡು ಶುರು ಮಾಡುವ ಪದ್ಧತಿ ಇಂದು ಕರ್ನಾಟಕದ ಶಾಲಾ ವೇದಿಕೆಗಳಲ್ಲಿಯೂ ಗಣೇಶೋತ್ಸವದ ರಸಮಂಜರಿಗಳಲ್ಲಿಯೂ ಕಾಣುತ್ತದೆ. ಅದನ್ನು ಮನೆಮನೆಗೆ ರೂಢಿಸಿದವರಲ್ಲಿ ಬಾಲು ಮುಖ್ಯರು.